ಕಮ್ಮಾರನ ಹದ, ಮೊಮ್ಮಗಳ ಎಂ.ಟೆಕ್

‘ಮಗಳು ಮುಂದೇನು ಓದ್ತಾಳೆ?’ ಎಂದು ಪಕ್ಕದ ಮನೆಯ ರಾಯರು ಕೇಳಿದರು.

‘ಮೆಟೀರಿಯಲ್ಸ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಮಾಡ್ತಾಳಂತೆ.’

‘ಮೆಟೀರಿಯಲ್ ಅಂದ್ರೆ? ಮರಳು, ಜಲ್ಲಿ, ಸಿಮೆಂಟಾ?’

ತಂದೆಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ನಕ್ಕು ಸುಮ್ಮನಾದರು.

ಭದ್ರಾವತಿಯ ಒಂದು ಮನೆಯ ಮಾತು ಇದು ಎಂದುಕೊಳ್ಳಿ. ಹುಡುಗಿ ಮೆಕ್ಯಾನಿಕಲ್ ಬಿ.ಇ. ಮುಗಿಸಿದ್ದಾಳೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ನೇಮಕಾತಿ ಪತ್ರ ಬಂದಿದೆ. ಗೇಟ್ ಪರೀಕ್ಷೆಯಲ್ಲೂ ಒಳ್ಳೆಯ ಅಂಕ ಬಂದಿದೆ. ಮನೆ ಕಟ್ಟಿಸಿದ ಸಾಲ ತೀರಿಲ್ಲ, ತಮ್ಮ ಇನ್ನೂ ಪಿಯುಸಿ. ಕೈಗೆ ಬಂದ ಸಂಬಳ ಬಿಟ್ಟು ಮತ್ತೆರಡು ವರ್ಷ ಪುಸ್ತಕ ಹಿಡಿಯುವುದೇಕೆ ಎಂಬ ತಂದೆಯ ಪ್ರಶ್ನೆ ನ್ಯಾಯವಾದದ್ದೇ. ಇಂಥ ಪ್ರಶ್ನೆ ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಏಳುತ್ತದೆ.

ಉತ್ತರ ಆ ಮನೆಯ ಜಗಲಿಯಲ್ಲೇ ಕುಳಿತಿತ್ತು. ಅಜ್ಜ ಕಮ್ಮಾರಿಕೆಯ ಮನೆತನದವರು. ಆಮೇಲೆ ಕಾರ್ಖಾನೆ ಸೇರಿ, ಎರಕದ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಅದು ಗಟ್ಟಿಯಾಗುತ್ತದೆ, ಆದರೆ ಕಲ್ಲಿಗೆ ತಾಗಿದರೆ ಚಟ್ಟನೆ ಮುರಿಯುತ್ತದೆ ಎಂಬುದು ಅವರಿಗೆ ಗೊತ್ತು. ಆದ್ದರಿಂದಲೇ ಅದನ್ನು ಮತ್ತೆ ಸಣ್ಣ ಉರಿಯಲ್ಲಿ ಕಾಯಿಸಬೇಕು. ಮೈ ತಿಳಿಹಳದಿಗೆ ತಿರುಗಿತೋ, ನೀಲಿಗೆ ತಿರುಗಿತೋ ಎಂದು ನೋಡಿ ನಿಲ್ಲಿಸಬೇಕು. ಇದಕ್ಕೆ ಅವರಿಟ್ಟ ಹೆಸರು ‘ಹದ’.

ಮೊಮ್ಮಗಳು ಓದಹೊರಟಿರುವುದು ಈ ಹದವನ್ನೇ! ಕಾಯಿಸುವ ಮೊದಲೂ, ಅದ್ದಿದ ಮೇಲೂ ಕುಡುಗೋಲಿನಲ್ಲಿರುವ ಕಬ್ಬಿಣ, ಇಂಗಾಲ ಅಷ್ಟೇ. ಬದಲಾದದ್ದು ಒಳಗಿನ ಪರಮಾಣುಗಳ ಜೋಡಣೆ. ನಿಧಾನವಾಗಿ ತಣಿದರೆ ಇಂಗಾಲ ಬೇರ್ಪಟ್ಟು, ಕಬ್ಬಿಣದ ಜತೆ ಸೇರಿ ತೆಳ್ಳನೆಯ ಪದರಗಳಾಗಿ ನಿಲ್ಲುತ್ತದೆ. ತಟ್ಟನೆ ತಣಿದರೆ ಬೇರ್ಪಡಲು ಸಮಯವಿಲ್ಲದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಲೋಹ ಬಿಗಿದುಕೊಳ್ಳುತ್ತದೆ. ವಸ್ತುವನ್ನು ಹೇಗೆ ತಯಾರಿಸಿದರು, ಒಳರಚನೆ ಏನಾಯಿತು, ಅದರಿಂದ ಯಾವ ಗುಣ ಬಂತು, ಬಳಕೆಯಲ್ಲಿ ಎಷ್ಟು ದಿನ ಬಾಳಿತು - ಈ ನಾಲ್ಕರ ನಂಟೇ ಈ ಶಾಸ್ತ್ರ. ಲೋಹವಷ್ಟೇ ಅಲ್ಲ, ಪಿಂಗಾಣಿ, ಪ್ಲಾಸ್ಟಿಕ್, ಬ್ಯಾಟರಿ, ಕಂಪ್ಯೂಟರಿನ ಚಿಪ್ಪು ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ.

ದಕ್ಷಿಣ ಭಾರತದ ಉಕ್ಕು ಒಂದು ಕಾಲಕ್ಕೆ ಲೋಕಪ್ರಸಿದ್ಧ. ಇಂಗ್ಲಿಷರು ಅದನ್ನು ‘ವೂಟ್ಸ್’ ಎಂದು ಕರೆದರು. ನಮ್ಮ ‘ಉಕ್ಕು’ ಎಂಬ ಪದವೇ ಹೀಗೆ ತಿರುಚಿಕೊಂಡಿತೆಂಬ ಅಭಿಪ್ರಾಯ ವಿದ್ವಾಂಸರಲ್ಲಿದೆ. ಅದರ ಗುಟ್ಟು ತಿಳಿಯಲು 1819ರಲ್ಲಿ ಲಂಡನ್ನಿನಲ್ಲಿ ಪ್ರಯೋಗಕ್ಕೆ ಕೂತವನು ಮೈಕೇಲ್ ಫ್ಯಾರಡೆ. ಅವನೂ ಕಮ್ಮಾರನ ಮಗನೇ. ಉಕ್ಕಿನಲ್ಲಿ ಅಲ್ಯುಮಿನಿಯಂ ಅಂಶವಿದೆ, ಅದರಿಂದಲೇ ಈ ಗುಣ ಎಂದು ಅವನು ಭಾವಿಸಿದ. ಅದು ತಪ್ಪಾಗಿತ್ತು. ಗುಟ್ಟಿದ್ದುದು ಸುಮಾರು ಶೇಕಡಾ 1.5ರಷ್ಟಿದ್ದ ಇಂಗಾಲದಲ್ಲಿ ಮತ್ತು ಅದು ಒಳಗೆ ಕೂತ ಬಗೆಯಲ್ಲಿ. ಏನಿದೆ ಎಂದು ನೋಡಿದರೆ ಸಾಲದು, ಹೇಗಿದೆ ಎಂದೂ ನೋಡಬೇಕಿತ್ತು. ಶೆಫೀಲ್ಡಿನ ಹೆನ್ರಿ ಸಾರ್ಬಿ ಉಕ್ಕನ್ನು ನಯಗೊಳಿಸಿ ಸೂಕ್ಷ್ಮದರ್ಶಕದಡಿ ಇಟ್ಟದ್ದು 1860ರ ದಶಕದಲ್ಲಿ.

ಭದ್ರಾವತಿಯಲ್ಲಿ ಇದ್ದಿಲಿನ ಊದುಕುಲುಮೆ ಹೊತ್ತಿದ್ದು 1923ರಲ್ಲಿ. ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಲೋಹಶಾಸ್ತ್ರದ ವಿಭಾಗ ಶುರುವಾದದ್ದೂ ಅದೇ ವರ್ಷ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1945ರಲ್ಲಿ ಲೋಹಶಾಸ್ತ್ರವೆಂದು ಆರಂಭವಾದ ವಿಭಾಗಕ್ಕೆ ಇಂದು ಮೆಟೀರಿಯಲ್ಸ್ ಎಂಜಿನಿಯರಿಂಗ್ ಎಂಬ ಹೆಸರು. ಸುರತ್ಕಲ್‌ನಲ್ಲೂ ಈ ವಿಷಯದ ಎಂ.ಟೆಕ್ ಇದೆ. ಪ್ರವೇಶಕ್ಕೆ ಗೇಟ್ ಅಂಕವೇ ಮುಖ್ಯ. ಒಮ್ಮೆ ಪಡೆದ ಅಂಕ ಮೂರು ವರ್ಷ ಚಲಾವಣೆಯಲ್ಲಿರುತ್ತದೆ. ಲೋಹಶಾಸ್ತ್ರ ಓದಿದವರಿಗಷ್ಟೇ ಎಂದು ಹೆದರಬೇಕಾಗಿಲ್ಲ. ಮೆಕ್ಯಾನಿಕಲ್ ಮುಂತಾದ ವಿಭಾಗಗಳಿಂದ ಬಂದವರಿಗೂ ಹಲವೆಡೆ ಬಾಗಿಲು ತೆರೆದಿದೆ. ನಿಯಮ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಅರ್ಜಿ ಹಾಕುವ ಮುನ್ನ ವಿವರಣ ಪುಸ್ತಿಕೆ ಓದುವುದು ಕ್ಷೇಮ.

ಮೊದಲ ವರ್ಷ ಪಾಠಗಳ ಭರಾಟೆ: ಉಷ್ಣಗತಿಶಾಸ್ತ್ರ, ಕ್ಷ-ಕಿರಣಗಳಿಂದ ಹರಳಿನ ರಚನೆ ಗುರುತಿಸುವುದು, ವಸ್ತು ಬಾಗುವ, ಸೀಳುವ ಲೆಕ್ಕಾಚಾರ. ನಿಜವಾದ ಪರೀಕ್ಷೆ ಪ್ರಾಜೆಕ್ಟಿನಲ್ಲಿ. ಬೆರಳಿನ ಉಗುರಿನಷ್ಟು ಉಕ್ಕಿನ ತುಣುಕನ್ನು ಒರಟು ಉಪ್ಪುಕಾಗದದಿಂದ ನಯವಾದ ಕಾಗದದವರೆಗೆ ಒಂದೊಂದಾಗಿ ಉಜ್ಜಿ, ಕೊನೆಗೆ ವಜ್ರದ ಪುಡಿಯ ಲೇಪದಲ್ಲಿ ಕನ್ನಡಿ ಮಾಡಬೇಕು. ಒಂದು ಗೀರು ಉಳಿದರೂ ಹಿಂದಿನ ಕಾಗದಕ್ಕೆ ವಾಪಸ್. ಬಳಿಕ ಆಲ್ಕೋಹಾಲಿನಲ್ಲಿ ಬೆರೆಸಿದ ನೈಟ್ರಿಕ್ ಆಮ್ಲವನ್ನು ಕೆಲವು ಸೆಕೆಂಡು ಸೋಕಿಸಿ ನೋಡಿದರೆ ಬೆರಳಚ್ಚಿನಂಥ ಗೆರೆಗಳು ಕಾಣುತ್ತವೆ. ಕುಲುಮೆ ಕೈಕೊಟ್ಟರೆ, ಮಾದರಿ ಬಿರುಕು ಬಿಟ್ಟರೆ ತಿಂಗಳ ಕೆಲಸ ನೀರಿಗೆ. ತಾಳ್ಮೆಯಿಲ್ಲದವರಿಗೆ ಈ ಹಾದಿ ಅಲ್ಲ.

ದುಡ್ಡಿನ ವಿಷಯವನ್ನೂ ಮುಚ್ಚಿಡಬೇಕಾಗಿಲ್ಲ. ಗೇಟ್ ಮೂಲಕ ಬಂದ ಎಂ.ಟೆಕ್ ವಿದ್ಯಾರ್ಥಿಗಳಿಗೆ ಕೇಂದ್ರದ ವಿದ್ಯಾರ್ಥಿವೇತನ ಉಂಟು. ಆದರೆ ಅದು ಹಲವು ವರ್ಷ ತಿಂಗಳಿಗೆ 12,400 ರೂಪಾಯಿಯಲ್ಲೇ ನಿಂತಿತ್ತು. ಊಟ, ಹಾಸ್ಟೆಲಿಗೆ ಸಾಕಾದೀತು, ಮನೆಯ ಸಾಲದ ಕಂತಿಗೆ ಒದಗದು. ಓದು ಮುಗಿದ ಮೇಲೆ ಉಕ್ಕಿನ ಕಾರ್ಖಾನೆ, ವಿಮಾನದ ಎಂಜಿನ್, ಪರಮಾಣು ಶಕ್ತಿ, ಬ್ಯಾಟರಿ, ಸಂಶೋಧನಾಲಯ ಹೀಗೆ ದಾರಿಗಳು ಹಲವು. ಆದರೂ ಮೊದಲ ಸಂಬಳ ಸಾಫ್ಟ್‌ವೇರಿನ ಗೆಳತಿಗಿಂತ ಕಡಿಮೆ ಇರಬಹುದು. ಎಂ.ಟೆಕ್ ಮುಗಿಸಿ ಸಾಫ್ಟ್‌ವೇರಿಗೇ ಹೋದವರೂ ಇದ್ದಾರೆ. ಅಷ್ಟಕ್ಕೇ ಆದರೆ ಎರಡು ವರ್ಷ ಸವೆಸುವ ಅಗತ್ಯವಿಲ್ಲ. ‘ಇದು ಯಾಕೆ ಮುರಿಯಿತು?’ ಎಂಬ ಪ್ರಶ್ನೆ ನಿದ್ದೆ ಕೆಡಿಸುವವರಿಗೆ ಮಾತ್ರ ಈ ಎರಡು ವರ್ಷ ಲಾಭದ ಬಾಬ್ತು.

ಆ ಸಂಜೆ ತಂದೆ ಸಂಬಳ, ಕಂತು, ತಮ್ಮನ ಫೀಸು ಎಂದು ಕಾಗದದ ಮೇಲೆ ಕೂಡಿಸಿ ಕಳೆಯುತ್ತಿದ್ದರು. ಅಜ್ಜ ಮೊಮ್ಮಗಳನ್ನು ಕರೆದು ಕೇಳಿದರು:

‘ನಮ್ಮ ಕಾಲದಲ್ಲಿ ಒಂದೇ ಕುಲುಮೆ, ಒಂದೇ ಅಚ್ಚು, ಆದ್ರೂ ಒಂದೊಂದು ಎರಕ ಸೀಳಿಬಿಡ್ತಿತ್ತು. ಯಾಕೆ ಅಂತ ಯಾರೂ ಹೇಳ್ಲಿಲ್ಲ. ಅದನ್ನ ಹೇಳಿಕೊಡ್ತಾರೇನೆ ಅಲ್ಲಿ?’

‘ಅದನ್ನೇ ಹೇಳಿಕೊಡೋದು ಅಜ್ಜ.’

‘ಹಾಗಾದ್ರೆ ಓದ್ಲಿ ಬಿಡೋ. ನನ್ನ ಪಿಂಚಣಿ ಇದೆಯಲ್ಲ, ಎರಡು ವರ್ಷ ಕಂತಿಗೆ ಹಾಕು’ ಎಂದರು ಅಜ್ಜ, ಮಗನ ಕಡೆ ತಿರುಗಿ.

ತಂದೆ ತಕ್ಷಣ ಏನೂ ಹೇಳಲಿಲ್ಲ. ಕಾಗದದಲ್ಲಿ ಇನ್ನೊಂದು ಸಾಲು ಬರೆದು ಮತ್ತೆ ಕೂಡಿಸಿದರು. ಮರುದಿನ ಬೆಳಿಗ್ಗೆ ಹಾಲು ತರುವಾಗ ರಾಯರು ಎದುರಾದರು. ಈ ಸಲ ತಂದೆಯ ಬಳಿ ಉತ್ತರವಿತ್ತು.

‘ನೀವು ಹೇಳಿದ ಮರಳೂ ಅದರಲ್ಲಿ ಬರುತ್ತಂತೆ ರಾಯರೇ. ಕಂಪ್ಯೂಟರಿನ ಚಿಪ್ಪಿಗೆ ಬೇಕಾದ ಸಿಲಿಕಾನ್ ಇರೋದು ಮರಳಿನಲ್ಲೇ ಅಂತೆ!’