ಕುದುರೆ ಮಾಲೀಕರ ಅಕೌಂಟು ನಮಗ್ಯಾಕೆ?

ಅಡಿಕೆ ದುಡ್ಡು ಕೈಗೆ ಬರೋ ಕಾಲ ಬಂತು ಅಂದ್ರೆ ತರೀಕೆರೆ ಕಡೆ ತೋಟಗಳಿಗೆ ಚೇಣಿದಾರರ ಜೊತೆಗೆ ಬ್ಯಾಂಕಿನ ಹುಡುಗರೂ ಬರೋಕೆ ಶುರು ಮಾಡ್ತಾರೆ. ಕೈಯಲ್ಲಿ ಮಿರಮಿರ ಮಿಂಚೋ ಕಾಗದ. "ಸರ್, ನಿಮ್ಮಂಥ ದೊಡ್ಡ ಬೆಳೆಗಾರರಿಗೆ ಅಂತಲೇ ಸ್ಪೆಷಲ್ ಕರೆಂಟ್ ಅಕೌಂಟು ಇದೆ" ಅಂತಾರೆ. ಎರಡೆಕರೆ ತೋಟದವನೂ ಆ ಒಂದು ನಿಮಿಷ ದೊಡ್ಡ ಬೆಳೆಗಾರ ಆಗ್ಬಿಡ್ತಾನೆ.

ನನ್ನ ಮಾತು ನೇರ. ನಮ್ಮಂಥ ಸಣ್ಣ ಹಿಡುವಳಿದಾರರಿಗೆ ಆ ಅಕೌಂಟು ಬೇಡ. ನಮಗೆ ಅಂತಲೇ ಮಾಡಿದ ಸ್ಪೆಷಲ್ ಅಕೌಂಟು 1998ರಿಂದಲೇ ಇದೆ, ಹೆಸರು ಕಿಸಾನ್ ಕ್ರೆಡಿಟ್ ಕಾರ್ಡು. ಅದನ್ನ ಹೇಗೆ ಓಡಿಸಬೇಕು ಅಂತ ಬ್ಯಾಂಕಿನವರು ಹೇಳಿಕೊಡಲ್ಲ, ನಾವೂ ಕೇಳಲ್ಲ.

ಸ್ಪೆಷಲ್ ಅಕೌಂಟು ಅಂದ್ರೆ ಏನು ಅನ್ನೋದಕ್ಕೆ ದೂರದ ಒಂದು ಉದಾಹರಣೆ ಹೇಳ್ತೀನಿ. ಇಂಗ್ಲೆಂಡಿನಲ್ಲಿ ವೆದರ್‌ಬೀಸ್ ಅಂತ ಒಂದು ಮನೆತನದ ಸಂಸ್ಥೆ ಇದೆ. 1770ರಿಂದ ಅಲ್ಲಿನ ಕುದುರೆ ರೇಸಿನ ಲೆಕ್ಕಪತ್ರ ನೋಡಿಕೊಂಡು ಬಂದವರು. 1994ರಲ್ಲಿ ಅವರೇ ಒಂದು ಬ್ಯಾಂಕು ಮಾಡಿದ್ರು. ರೇಸ್ ಕುದುರೆ ಮಾಲೀಕರಿಗೆ ಅಲ್ಲಿ ಬೇರೆಯೇ ಅಕೌಂಟು. ಕುದುರೆ ಓಡಿಸೋ ಎಂಟ್ರಿ ಫೀಸು ಅದರಿಂದಲೇ ಹೋಗುತ್ತೆ, ಗೆದ್ದ ಬಹುಮಾನ ಅದಕ್ಕೇ ಬರುತ್ತೆ. ಅಂದ್ರೆ ಕುದುರೆ ಕಸುಬಿನಲ್ಲಿ ದುಡ್ಡು ಹೇಗೆ ಓಡಾಡುತ್ತೋ ಅದಕ್ಕೆ ಸರಿಯಾಗಿ ಅಳತೆ ಕೊಟ್ಟು ಹೊಲಿಸಿದ ಅಂಗಿ ಅದು. ಅದಕ್ಕೆ ಸ್ಪೆಷಲ್ ಅನ್ನಬಹುದು.

ನಮ್ಮ ದುಡ್ಡಿನ ಓಟ ಹೇಗಿದೆ? ಅಡಿಕೆಯವನಿಗೆ ವರ್ಷದಲ್ಲಿ ಎರಡು ಮೂರು ಸಲ ದೊಡ್ಡ ಮೊತ್ತ. ಅಜ್ಜಂಪುರ ಕಡೆ ಈರುಳ್ಳಿಯವನಿಗೆ ಒಂದೇ ಸಲ, ಅದೂ ರೇಟು ಇದ್ರೆ. ಕಡೂರಿನ ತೆಂಗಿನವನಿಗೆ ಆಗಾಗ ಸ್ವಲ್ಪ ಸ್ವಲ್ಪ. ಖರ್ಚು ಮಾತ್ರ ಹನ್ನೆರಡು ತಿಂಗಳೂ ಇದೆ: ಗೊಬ್ಬರ, ಔಷಧಿ, ಕೂಲಿ, ಬೋರಿನ ರಿಪೇರಿ. ಹೀಗೆ ಬರೋ ದುಡ್ಡಿಗೆ ಕರೆಂಟ್ ಅಕೌಂಟು ಹೊಂದುತ್ತಾ?

ಕರೆಂಟು ಅಂದ್ರೆ ನಮಗೆ ಪಂಪ್‌ಸೆಟ್ಟಿಂದೇ ನೆನಪಾಗೋದು, ಇದು ಬೇರೆ. ಚಾಲ್ತಿ ಖಾತೆ ಅಂತಾರಲ್ಲ, ಅದು. ದಿನಾ ಹತ್ತಾರು ಚೆಕ್ಕು ಬರೆಯೋ ಮಂಡಿಯವರಿಗೆ, ಗೊಬ್ಬರದ ಅಂಗಡಿಯವರಿಗೆ, ಜಿಎಸ್‌ಟಿ ಇರೋ ವ್ಯಾಪಾರಸ್ಥರಿಗೆ ಅದು ಬೇಕು, ಅವರು ಇಟ್ಟುಕೊಳ್ಳಲಿ. ನಮಗೆ ಅದರಲ್ಲಿ ಮೊದಲನೇ ನಷ್ಟ ಬಡ್ಡಿ. ಚಾಲ್ತಿ ಖಾತೆಗೆ ಬಡ್ಡಿ ಇಲ್ಲ. ನಿಮ್ಮ ಎರಡು ಲಕ್ಷ ಅಲ್ಲಿ ಮೂರು ತಿಂಗಳು ಮಲಗಿದ್ರೆ ಎದ್ದು ಬರೋದೂ ಅದೇ ಎರಡು ಲಕ್ಷ.

ಎರಡನೇದು ಮಿನಿಮಮ್ ಬ್ಯಾಲೆನ್ಸು. ಉಳಿತಾಯ ಖಾತೆಗಾದ್ರೆ ರಿಸರ್ವ್ ಬ್ಯಾಂಕು 2014ರಲ್ಲೇ ಒಂದು ಕಟ್ಟುಪಾಡು ಹಾಕಿದೆ: ಬ್ಯಾಲೆನ್ಸು ಕಡಿಮೆ ಆದ್ರೆ ಮೊದಲು ತಿಳಿಸಬೇಕು, ತುಂಬೋಕೆ ಒಂದು ತಿಂಗಳು ಟೈಮು ಕೊಡಬೇಕು, ದಂಡದಿಂದಲೇ ಖಾತೆ ಮೈನಸ್ಸಿಗೆ ಹೋಗಬಾರದು. ಅದು ಬರೆದಿರೋದು ಉಳಿತಾಯ ಖಾತೆಗೆ, ಕರೆಂಟ್ ಅಕೌಂಟಿಗಲ್ಲ. ಆ ಮಿಂಚೋ ಕಾಗದದಲ್ಲಿ ಈ ವಿಷಯ ಎಲ್ಲಾದ್ರೂ ಇದೆಯಾ ನೋಡಿ.

ಮಿನಿಮಮ್ ಎಷ್ಟಿರಬೇಕು ಅನ್ನೋದು ಆಯಾ ಬ್ಯಾಂಕಿನ ಇಷ್ಟ. ಕೆನರಾ ಬ್ಯಾಂಕು 2025ರ ಜೂನ್ 1ರಿಂದ ಎಲ್ಲಾ ಉಳಿತಾಯ ಖಾತೆಗಳಿಗೂ ಮಿನಿಮಮ್ ದಂಡ ತೆಗೆದುಹಾಕಿತು. ಸ್ಟೇಟ್ ಬ್ಯಾಂಕು 2020ರಲ್ಲೇ ತೆಗೆದಿತ್ತು. ಅದೇ 2025ರ ಆಗಸ್ಟಿನಲ್ಲಿ ಐಸಿಐಸಿಐ ಬ್ಯಾಂಕು ಸಣ್ಣ ಪಟ್ಟಣಗಳ ಹೊಸ ಖಾತೆಗೆ 25,000 ಅಂತ ಹೇಳಿ, ಜನ ಕೂಗಾಡಿದ ಮೇಲೆ 7,500ಕ್ಕೆ ಇಳಿಸಿತು. ಕೂಗಿದ್ರೆ ಇಳಿಯುತ್ತೆ ಅಂತಾದ್ರೂ ನಾವು ತಿಳ್ಕೋಬೇಕು.

ಮೂರನೇದು ಇನ್‌ಕಮ್ ಟ್ಯಾಕ್ಸ್ ಭಯ. "ಉಳಿತಾಯ ಖಾತೆಗೆ ವರ್ಷಕ್ಕೆ ಹತ್ತು ಲಕ್ಷ ನಗದು ಹಾಕಿದ್ರೆ ಇಲಾಖೆಗೆ ಹೋಗುತ್ತೆ, ಕರೆಂಟ್ ಅಕೌಂಟಿಗೆ ಐವತ್ತು ಲಕ್ಷದವರೆಗೂ ತೊಂದರೆ ಇಲ್ಲ" ಅಂತ ಹೆದರಿಸಿ ಮಾರ್ತಾರೆ. ಆ ಅಂಕಿ ನಿಜ. ಆದ್ರೆ ಬ್ಯಾಂಕು ಮಾಹಿತಿ ಕೊಡೋದೇ ಬೇರೆ, ನಾವು ತೆರಿಗೆ ಕಟ್ಟೋದೇ ಬೇರೆ. ಸ್ವಂತ ತೋಟದ ಬೆಳೆಯ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಪಹಣಿ ಇದೆ, ಮಾರಿದ ಪಟ್ಟಿ ಇದೆ, ಅದನ್ನ ಜೋಪಾನ ಮಾಡಿ. ಮ್ಯಾಮ್‌ಕೋಸ್ ಥರದ ಸಂಘಕ್ಕೆ ಹಾಕಿ ಹಣ ಖಾತೆಗೇ ಬಂದ್ರೆ ಈ ನಗದಿನ ಮಾತೇ ಏಳಲ್ಲ. ಪಟ್ಟಿ ಇಟ್ಟವನಿಗೆ ಯಾರ ಭಯ?

ಇನ್ನು ನಮ್ಮ ಅಂಗಿಗೆ ಬರೋಣ. ಕಿಸಾನ್ ಕಾರ್ಡನ್ನ ನಾವು ವರ್ಷಕ್ಕೊಂದು ಸಲ ತಗೊಂಡು ಒಂದು ಸಲ ಕಟ್ಟೋ ಸಾಲ ಅಂದ್ಕೊಂಡಿದೀವಿ. ಕಟ್ಟೋಕೆ ಕೈಸಾಲ ಮಾಡಿ, ಬಡ್ಡಿ ಕೊಟ್ಟು, ಮಾರನೇ ದಿನ ತಿರುಗ ಎತ್ತಿ ಕೈಸಾಲ ತೀರಿಸೋದು. ನಿಯಮದಲ್ಲಿ ಅದು ಹಾಗಿಲ್ಲ. ಅದು ಓಡಾಡೋ ಖಾತೆ. ಲಿಮಿಟ್ಟಿನ ಒಳಗೆ ಎಷ್ಟು ಸಲ ಬೇಕಾದ್ರೂ ತೆಗೀಬಹುದು, ಎಷ್ಟು ಸಲ ಬೇಕಾದ್ರೂ ಹಾಕಬಹುದು. ಲಿಮಿಟ್ಟು ಕಟ್ಟುವಾಗಲೇ ಬೆಳೆ ಖರ್ಚಿನ ಮೇಲೆ ಮನೆ ಖರ್ಚಿಗೆ ಅಂತ ಶೇಕಡಾ 10, ಜಮೀನಿನ ನಿರ್ವಹಣೆಗೆ ಅಂತ ಶೇಕಡಾ 20 ಸೇರಿಸೋ ಅವಕಾಶ ಇದೆ. 3 ಲಕ್ಷದವರೆಗೆ ಬಡ್ಡಿ ಶೇಕಡಾ 7, ಸರಿಯಾದ ಸಮಯಕ್ಕೆ ಕಟ್ಟಿದ್ರೆ 3 ಬಿಟ್ಟು 4.

ಈಗ ಲೆಕ್ಕ ಹಾಕಿ. ಅಡಿಕೆ ಮಾರಿದ ಎರಡು ಲಕ್ಷ ಮೂರು ತಿಂಗಳು ಬೇಡ ಅಂತಿಟ್ಕೊಳ್ಳಿ. ಕರೆಂಟ್ ಅಕೌಂಟಿನಲ್ಲಿಟ್ರೆ ಸಿಗೋದು ಸೊನ್ನೆ. ಉಳಿತಾಯ ಖಾತೆಯಲ್ಲಿ ಶೇಕಡಾ ಎರಡೂವರೆ ಅಂದ್ರೂ 1,250 ರೂಪಾಯಿ. ಬಾಕಿ ಇರೋ ಕಿಸಾನ್ ಕಾರ್ಡಿಗೆ ಹಾಕಿದ್ರೆ, ಶೇಕಡಾ 4ರ ಲೆಕ್ಕದಲ್ಲೇ 2,000 ರೂಪಾಯಿ ಬಡ್ಡಿ ಉಳೀತು. ಬೇಕಾದಾಗ ಲಿಮಿಟ್ಟಿನಲ್ಲಿ ತಿರುಗ ತೆಗೀಬಹುದು. ಹಾಕೋ ಮುಂಚೆ ಮಾತ್ರ, ಕಾರ್ಡು ರಿನೀವಲ್ ಆಗಿದೆಯಾ, ತಿರುಗ ತೆಗೆಯೋಕೆ ಬರುತ್ತಾ ಅಂತ ಮ್ಯಾನೇಜರ್ ಹತ್ರ ಕೇಳ್ಕೊಳ್ಳಿ. ಸೊಸೈಟಿಯಲ್ಲಿ 5 ಲಕ್ಷದವರೆಗಿನ ಸೊನ್ನೆ ಬಡ್ಡಿ ಬೆಳೆಸಾಲ ಇದ್ದೋರಿಗೆ ಈ ಲೆಕ್ಕ ಇಲ್ಲ. ಅವರು ಮುಂಚೆ ಕಟ್ಟಿ ಉಳಿಸೋದೇನೂ ಇಲ್ಲ, ಕಡೇ ತಾರೀಕು ಮಾತ್ರ ತಪ್ಪಿಸಬಾರದು.

ಇನ್ನೊಂದು ಎಚ್ಚರಿಕೆ. ಹೊಸ ಅಕೌಂಟು ತೆಗೆಯುವಾಗ ಹತ್ತು ಕಡೆ ಸಹಿ ಹಾಕಿಸ್ತಾರೆ. ಅದರಲ್ಲಿ ಆಧಾರ್ ಜೋಡಣೆಯ ಒಪ್ಪಿಗೆಯೂ ಇರುತ್ತೆ. ಸರ್ಕಾರದ ಹಣ ಹೋಗೋದು ಆಧಾರಿಗೆ ಕಡೆಯದಾಗಿ ಜೋಡಿಸಿದ ಖಾತೆಗೆ. ಪಿಎಂ ಕಿಸಾನಿನ 2,000, ಮನೆಯವರು ಹೆಸರಿಗೆ ಖಾತೆ ತೆಗೆದ್ರೆ ಅವರ ಗೃಹಲಕ್ಷ್ಮಿ, ಎಲ್ಲಾ ಆ ಹೊಸ ಅಕೌಂಟಿಗೆ ತಿರುಗಬಹುದು. ನೀವು ಹಳೇ ಪಾಸ್‌ಬುಕ್ ಹಿಡಿದು "ದುಡ್ಡು ಬಂದಿಲ್ಲ" ಅಂತ ಅಲೀತಾ ಇರ್ತೀರಿ. ಸರ್ಕಾರದ ಹಣಕ್ಕೆ ಹಳೇ ಖಾತೆಯೇ ಇರಲಿ ಅಂತ ಬಾಯಿಬಿಟ್ಟು ಹೇಳಿ.

ಕೆಲವರು ಕೇಳ್ತಾರೆ, "ಬಡ್ಡಿ ಹೋದ್ರೆ ಹೋಗಲಿ ಮಾರಾಯ್ರೇ, ಅಲ್ಲಿ ಮರ್ಯಾದೆ ಇದೆ. ಕೂರೋಕೆ ಕುರ್ಚಿ ಕೊಡ್ತಾರೆ, ಕಾಫಿ ಕೊಡ್ತಾರೆ, ಫೋನ್ ಮಾಡಿದ್ರೆ ಎತ್ತುತ್ತಾರೆ." ನಿಜ, ಅವರು ಮಾರೋದೇ ಮರ್ಯಾದೆಯನ್ನ. ನಮ್ಮ ಶಾಖೆಗಳಲ್ಲಿ ಕ್ಯೂನಲ್ಲಿ ನಿಂತು, ಲಂಚ್ ಟೈಮ್ ಅನ್ನಿಸಿಕೊಂಡು, ನಾಳೆ ಬಾ ಅನ್ನಿಸಿಕೊಂಡು ಬಂದವರಿಗೆ ಒಂದು ಕುರ್ಚಿ ಎಷ್ಟು ದೊಡ್ಡದು ಅನ್ನೋದು ನನಗೂ ಗೊತ್ತು. ಆದ್ರೆ ಆ ಕುರ್ಚಿಯಲ್ಲಿ ಕೂರಿಸಿದ ಮೇಲೆ ಮುಂದಿನ ಕಾಗದ ಇನ್ಶೂರೆನ್ಸಿನದು. ಹಾಗೆ ಯಾರಾದ್ರೂ ಸಹಿ ಹಾಕಿದ್ರೆ, ಪಾಲಿಸಿ ಕೈಗೆ ಬಂದ 30 ದಿನದ ಒಳಗೆ ಬೇಡ ಅಂತ ವಾಪಸ್ ಮಾಡೋ ಹಕ್ಕಿದೆ, ನೆನಪಿರಲಿ. ಮರ್ಯಾದೆ ಕೊಂಡುಕೊಳ್ಳೋ ವಸ್ತು ಅಲ್ಲ ಸ್ವಾಮಿ. ಸಣ್ಣ ಖಾತೆಯವನಿಗೂ ಅದು ಸಿಗಬೇಕು. ಸಿಗದಿದ್ರೆ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಸರಿಯಾಗದಿದ್ರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದಾರೆ, 14448ಕ್ಕೆ ಫೋನ್ ಮಾಡಿದ್ರೆ ದಾರಿ ಹೇಳ್ತಾರೆ.

ಉಳಿದ ದುಡ್ಡು ಎಲ್ಲಿಡಬೇಕು ಅನ್ನೋದಕ್ಕೂ ಒಂದು ಮಾತು. ಬ್ಯಾಂಕು ಮುಳುಗಿದ್ರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ, 2020ರ ಫೆಬ್ರವರಿಯಿಂದ. ಡಿಸಿಸಿ ಬ್ಯಾಂಕಿಗೂ ಅದು ಇದೆ. ಹಳ್ಳಿಯ ವ್ಯವಸಾಯ ಸೇವಾ ಸಹಕಾರ ಸಂಘದ ಠೇವಣಿಗೆ ಇಲ್ಲ. ಸಂಘ ನಮ್ಮದೇ, ವ್ಯವಹಾರ ಮಾಡೋಣ, ಆದ್ರೆ ಮಗಳ ಮದುವೆಗೆ ಅಂತ ಇಟ್ಟಿದ್ದನ್ನೆಲ್ಲಾ ಒಂದೇ ಕಡೆ ಇಡೋದು ಬೇಡ.

ಹಾಗಾದ್ರೆ ನಮಗೆ ಬೇಕಾದ್ದು ಎರಡೇ. ಮಿನಿಮಮ್ ಕಾಟ ಇಲ್ಲದ ಒಂದು ಉಳಿತಾಯ ಖಾತೆ, ಸರಿಯಾಗಿ ಓಡೋ ಒಂದು ಕಿಸಾನ್ ಕಾರ್ಡು. ಎಲ್ಲೂ ಆಗಲ್ಲ ಅಂದ್ರೆ ಮೂಲ ಉಳಿತಾಯ ಖಾತೆ ಕೇಳಿ. ಅದರಲ್ಲಿ ಮಿನಿಮಮ್ ಇಲ್ಲ, ಎಟಿಎಂ ಕಾರ್ಡು ಉಚಿತ, ತಿಂಗಳಿಗೆ ನಾಲ್ಕು ಸಲ ಪುಕ್ಕಟೆ ತೆಗೀಬಹುದು. ಬ್ಯಾಂಕಿನ ಹುಡುಗ ಬಂದಾಗ ಅವನ ಮೇಲೆ ಸಿಟ್ಟು ಬೇಡ, ಅವನಿಗೂ ಟಾರ್ಗೆಟ್ ಇರುತ್ತೆ. ಮೂರೇ ಪ್ರಶ್ನೆ ಕೇಳಿ: ಬಡ್ಡಿ ಎಷ್ಟು? ಬ್ಯಾಲೆನ್ಸು ಇಲ್ಲದಿದ್ರೆ ದಂಡ ಎಷ್ಟು? ನನ್ನ ಕಿಸಾನ್ ಕಾರ್ಡನ್ನ ಓಡಾಡೋ ಖಾತೆ ಮಾಡಿಸಿಕೊಡ್ತೀಯಾ?

ಮೂರನೇದಕ್ಕೆ ಹೂಂ ಅಂದ ಬ್ಯಾಂಕು ಯಾವುದಾದ್ರೂ ಇದ್ರೆ ಕೆಳಗೆ ಬರೀರಿ. ಎಲ್ಲರೂ ಅಲ್ಲಿಗೇ ಹೋಗೋಣ.