ಹಿರಿಯ ಮಗನಿಗೆ ಆಸ್ತಿ, ಕಿರಿಯರಿಗೆ ಬಡವನ ತೆರಿಗೆ!

ತೆರಿಗೆಯ ವಿಷಯದಲ್ಲಿ ನಗೆ ಬರಿಸುವುದು ಸುಲಭವಲ್ಲ. ಕೊಡುವವನಿಗೆ ಅಳು, ತಿನ್ನುವವನಿಗೆ ಮಾತ್ರ ನಗು. ಆದರೂ ಕೊಡುವವನ ಪಕ್ಷದಲ್ಲಿ ನಿಂತು, ತಿನ್ನುವವನನ್ನು ನಗೆಪಾಟಲು ಮಾಡಿದ ಲೇಖಕನೊಬ್ಬನಿದ್ದ: ಇಂಗ್ಲೆಂಡಿನ ಥಾಮಸ್ ಪೇಯ್ನ್. ಆತನ 'ಮನುಷ್ಯನ ಹಕ್ಕುಗಳು' (1791–92) ಗಂಭೀರ ರಾಜಕೀಯ ಗ್ರಂಥವೆಂದು ಹೆಸರಾಗಿದೆ. ನಮ್ಮಂಥ ಅಭಿಮಾನಿಗಳಿಗೆ ಅದು ಅಷ್ಟೇ ಒಳ್ಳೆಯ ವಿಡಂಬನೆ.

ಪೇಯ್ನ್ ತೆರಿಗೆಯನ್ನು ಪುಸ್ತಕದಿಂದ ಕಲಿತವನಲ್ಲ. ಅಬಕಾರಿ ಸುಂಕದ ಸಣ್ಣ ನೌಕರನಾಗಿ ಬೀರಿನ ಪೀಪಾಯಿಗಳನ್ನು ಅಳೆದವನು. ತನ್ನಂಥ ನೌಕರರ ಸಂಬಳ ಹೆಚ್ಚಿಸಿರೆಂದು 1772ರಲ್ಲಿ ಮನವಿ ಬರೆದ. 1774ರಲ್ಲಿ ಕೆಲಸ ಕಳೆದುಕೊಂಡ. ಆ ಪೀಪಾಯಿಯ ಅನುಭವ ವ್ಯರ್ಥವಾಗಲಿಲ್ಲ. ಮಾರುವುದಕ್ಕೆಂದು ತಯಾರಿಸಿದ ಬೀರಿಗೆ ಸುಂಕ. ಪ್ರಭುಗಳು ತಮ್ಮ ಮನೆಯಲ್ಲೇ ತಯಾರಿಸಿಕೊಂಡ ಬೀರಿಗೆ ಆ ಸುಂಕವಿಲ್ಲ! ಕೂಲಿಯವನು ತೆರುವ ಈ ಒಂದು ಸುಂಕವೇ ದೇಶದ ಇಡೀ ಭೂತೆರಿಗೆಗೆ ಹೆಚ್ಚುಕಡಿಮೆ ಸಮವೆಂದು ಪೇಯ್ನ್ ಲೆಕ್ಕ ಮುಂದಿಟ್ಟ. ಶಾಸನ ಮಾಡುವವರು ಯಾರು? ಅದೇ ಪ್ರಭುಗಳು.

ಆ ಹಣ ಹೋಗುತ್ತಿದ್ದುದು ಎಲ್ಲಿಗೆ? ಇಲ್ಲಿದೆ ಆತನ ವಿಡಂಬನೆಯ ಮೊನೆ. ಇಂಗ್ಲೆಂಡಿನ ಪ್ರಭುಮನೆತನಗಳಲ್ಲಿ ಜಮೀನೆಲ್ಲ ಹಿರಿಯ ಮಗನಿಗೇ. ಅಣ್ಣತಮ್ಮಂದಿರು ಪಾಲು ಹಂಚಿಕೊಳ್ಳುವ ನಮ್ಮ ರೈತರಿಗೆ ಇದು ವಿಚಿತ್ರವಾಗಿ ತೋರೀತು. ಹಾಗಾದರೆ ಕಿರಿಯರ ಗತಿ? ಪೇಯ್ನನ ದೃಷ್ಟಿಯಲ್ಲಿ ಪ್ರಭುಮನೆಗೆ ಇರುವುದು ಒಂದೇ ಮಗು. ಉಳಿದವು ತಂದೆತಾಯಿ ಇದ್ದೂ ಅನಾಥ. ಬಡವರ ಅನಾಥ ಮಕ್ಕಳನ್ನು ಊರವರು ಸಾಕುವಂತೆ, ಈ ಅನಾಥರನ್ನು ದೇಶವೇ ಸಾಕಬೇಕು, ಅದೂ ಹೆಚ್ಚಿನ ಖರ್ಚಿನಲ್ಲಿ! ಕೆಲಸವಿಲ್ಲದ ಹುದ್ದೆಗಳೂ ಆಸ್ಥಾನದ ಪದವಿಗಳೂ ಸೃಷ್ಟಿಯಾದದ್ದು ಇವರಿಗಾಗಿ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ನಗಿಸಿ ಸುಮ್ಮನಾಗಿದ್ದರೆ ಪೇಯ್ನ್ ಬರಿಯ ವಿನೋದಗಾರನಾಗುತ್ತಿದ್ದ. ಆತ ಪರಿಹಾರದ ಪಟ್ಟಿಯನ್ನೂ ಕೊಟ್ಟ. ಜಮೀನಿನ ವಾರ್ಷಿಕ ಆದಾಯ 500 ಪೌಂಡಿನವರೆಗೆ ಇದ್ದರೆ ಪೌಂಡಿಗೆ 3 ಪೆನ್ಸ್ ತೆರಿಗೆ. ಆದಾಯ ಏರಿದಂತೆ ದರವೂ ಏರಿ, 23ನೆಯ ಸಾವಿರಕ್ಕೆ ಪೌಂಡಿಗೆ 20 ಷಿಲಿಂಗ್, ಎಂದರೆ ಆ ಸಾವಿರ ಪೂರ್ತಿ ಬೊಕ್ಕಸಕ್ಕೆ. ಮಕ್ಕಳೆಲ್ಲರಿಗೂ ಹಂಚಿದರೆ ತೆರಿಗೆ ಇಳಿಯುತ್ತದೆ. ಹಿರಿಯನ ಏಕಸ್ವಾಮ್ಯ ಮುರಿಯುವುದೇ ಉದ್ದೇಶ. ಬಡಮನೆಯ 14 ವರ್ಷದೊಳಗಿನ ಪ್ರತಿ ಮಗುವಿಗೆ ವರ್ಷಕ್ಕೆ 4 ಪೌಂಡ್, 60 ದಾಟಿದ ಬಡ ವೃದ್ಧರಿಗೆ 10 ಪೌಂಡ್ ಕೊಡಬೇಕೆಂದ. ಇದು ಭಿಕ್ಷೆಯಲ್ಲ, ಹಕ್ಕು ಎಂದ. ಸರ್ಕಾರದ ಉತ್ತರವೇನು? ರಾಜದ್ರೋಹದ ಮೊಕದ್ದಮೆ! ಪೇಯ್ನ್ ಫ್ರಾನ್ಸಿಗೆ ಹೋಗಿದ್ದರೂ 1792ರ ಡಿಸೆಂಬರಿನಲ್ಲಿ ಅಪರಾಧಿಯೆಂದು ತೀರ್ಪಾಯಿತು. ನಗೆ ತಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇಂಗ್ಲೆಂಡಿನಲ್ಲಿ ಜ್ಯೇಷ್ಠಪುತ್ರನ ಆ ಉತ್ತರಾಧಿಕಾರ ನಿಯಮ 1925ರ ಶಾಸನದಿಂದ ಹೋಯಿತು. ಆದರೆ ಹುಟ್ಟಿನಿಂದ ಬಂದ ಸಂಪತ್ತನ್ನು ಮುಟ್ಟಬಾರದೆಂಬ ಭಕ್ತಿ ಅಲ್ಲಿಗೆ ಸಾಯಲಿಲ್ಲ. ನಮ್ಮ ದೇಶವನ್ನೇ ನೋಡಿ. ಸತ್ತವರ ದೊಡ್ಡ ಆಸ್ತಿಯ ಮೇಲೆ 1953ರಲ್ಲಿ ಬಂದ ಎಸ್ಟೇಟ್ ಸುಂಕವನ್ನು 1985ರಲ್ಲಿ ತೆಗೆದರು. 1957ರಲ್ಲಿ ಬಂದ ಸಂಪತ್ತಿನ ತೆರಿಗೆಯನ್ನು 2015ರ ಬಜೆಟ್ಟಿನಲ್ಲಿ ಕೈಬಿಟ್ಟರು. ಬರುವ ಹಣ ಅಲ್ಪ, ವಸೂಲಿಯ ತೊಡಕು ಬಹಳ ಎಂಬುದು ಕೊಟ್ಟ ಕಾರಣ. ಸೋಪು, ಚಪ್ಪಲಿ ಕೊಳ್ಳುವ ಕೂಲಿಯವನಿಂದ ವಸೂಲು ಮಾಡಲು ಮಾತ್ರ ಯಾವ ತೊಡಕೂ ಇಲ್ಲ! ಅಂಗಡಿಯಲ್ಲಿ ಆತನಿಗೂ ಕೋಟ್ಯಧೀಶನಿಗೂ ಒಂದೇ ದರ.

ಸುಂಕ ಹೋಗಲು ವಸೂಲಿ ಕಡಿಮೆಯಾದದ್ದು ಕಾರಣವಾದರೆ, ವಸೂಲಿಯನ್ನು ಬಿಗಿಗೊಳಿಸಬೇಕಿತ್ತು, ಸುಂಕವನ್ನೇ ಹೂಳಬೇಕಿರಲಿಲ್ಲ. ಪ್ರತಿ ಬಜೆಟ್ಟಿನ ದಿನ ದುಡಿಯುವ ಜನ ಕೇಳಬೇಕಾದ್ದು ಪೇಯ್ನನ ಎರಡೇ ಪ್ರಶ್ನೆ: ಯಾರ ಪೀಪಾಯಿ ಅಳೆಯದೆ ಉಳಿಯಿತು? ನಮ್ಮ ತೆರಿಗೆಯಲ್ಲಿ ಬೆಳೆಯುತ್ತಿರುವವರು ಯಾರ ಮಕ್ಕಳು?