‘ಶಿಕಾರಿ’ಯ ಒಂಟಿತನ ನಮ್ಮದೂ ಹೌದು

ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ಮದ್ದೂರಿನ ಗೆಳೆಯರಿಗೆ ಓದಲು ಕೊಟ್ಟಾಗಲೆಲ್ಲ ಮೂರು ಆಕ್ಷೇಪಗಳು ಎದುರಾಗುತ್ತವೆ: ಇದು ಪಶ್ಚಿಮದ ಸರಕು, ಇದರಲ್ಲಿ ರೈತನಿಲ್ಲ, ಇದು ಓದಿದವರನ್ನು ಕುಗ್ಗಿಸುತ್ತದೆ. ಹೀಗೆನ್ನುವವರು ಸಾಹಿತ್ಯದ ಮೇಲೆ ಕಾಳಜಿಯುಳ್ಳವರೇ. ಆದ್ದರಿಂದ ಒಂದೊಂದಕ್ಕೂ ಉತ್ತರಿಸುತ್ತೇನೆ.

ಮೊದಲು ಎರವಲಿನ ಮಾತು. 1979ರಲ್ಲಿ ಬಂದ ಈ ಕಾದಂಬರಿಯ ನಾಗಪ್ಪ ಮುಂಬಯಿಯ ಕಂಪನಿಯೊಂದರ ಅಧಿಕಾರಿ. ತಪ್ಪೇನೆಂದು ಹೇಳದೆಯೇ ಅವನನ್ನು ಕೆಲಸದಿಂದ ದೂರವಿಡುತ್ತಾರೆ. ಪಶ್ಚಿಮದ ಲೇಖಕ ಕಾಫ್ಕಾ ನೆನಪಾಗುವುದು ಸಹಜ. ಆದರೆ ಬೊಪ್ಪೇಗೌಡನಪುರದ ಮಠವಿರುವ ನಮ್ಮ ಮಳವಳ್ಳಿ ಸೀಮೆಯಲ್ಲಿ ನೀಲಗಾರರು ತಂಬೂರಿ ಮೀಟಿ ಹಾಡುವ ಮಂಟೇಸ್ವಾಮಿ ಕಾವ್ಯವನ್ನೂ ಕೇಳಿ. ಕಲ್ಯಾಣದ ಬಾಗಿಲಲ್ಲಿ ಒಳಗೆ ಬಿಡದಿದ್ದಾಗ ಧರೆಗೆ ದೊಡ್ಡವರೆನಿಸಿದ ಮಂಟೇಸ್ವಾಮಿ ಇಡೀ ಶರಣರ ಊರಿಗೆ ಎದುರಾಗಿ ಒಬ್ಬರೇ ನಿಲ್ಲುತ್ತಾರೆ. ಕಬ್ಬಿಣದ ಭಿಕ್ಷೆಗೆ ಹೊರಟ ಅವರ ಶಿಷ್ಯ ಸಿದ್ದಪ್ಪಾಜಿ ಹಲಗೂರಿನಲ್ಲಿ ಪಾಂಚಾಳರು ಒಡ್ಡಿದ ವಿಷದ ಪರೀಕ್ಷೆಯನ್ನೂ ಒಬ್ಬರೇ ಎದುರಿಸುತ್ತಾರೆ. ವ್ಯತ್ಯಾಸವಿದೆ, ಒಪ್ಪುತ್ತೇನೆ: ಸಿದ್ದಪ್ಪಾಜಿಗೆ ನೆನೆದರೆ ಒದಗುವ ಗುರುವಿದ್ದಾರೆ, ನಾಗಪ್ಪನಿಗೆ ಯಾರೂ ಇಲ್ಲ. ನೆನೆಯಲು ಗುರುವೂ ಇಲ್ಲದ ಆ ಸ್ಥಿತಿಯನ್ನು ಹೇಳಲು ಹೊಸ ಬಗೆಯ ಕಾದಂಬರಿ ಬೇಕಾಯಿತು.

ಎರಡನೆಯದು ರೈತನ ಪ್ರಶ್ನೆ. ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದೂ 1979ರಲ್ಲೇ. ಆಗಿನಿಂದಲೂ ಈ ಪ್ರಶ್ನೆಯಿದೆ, ಅದು ನ್ಯಾಯವಾದದ್ದೇ. ನಮ್ಮ ಮದ್ದೂರು ತಾಲ್ಲೂಕಿನವರೇ ಆದ ಬೆಸಗರಹಳ್ಳಿ ರಾಮಣ್ಣನವರ ಹಳ್ಳಿಗಾಡಿನ ಕಥೆಗಳು ನನಗೂ ಪ್ರಿಯ. ಆದರೆ ಒಂದನ್ನು ಓದಲು ಇನ್ನೊಂದನ್ನು ಯಾಕೆ ಬಿಡಬೇಕು? 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರು ಒಬ್ಬರ ಹಿಂದೊಬ್ಬರು ಪ್ರಾಣ ಕಳೆದುಕೊಂಡರು. ಕಾರ್ಖಾನೆಯ ಬಾಕಿ, ಬಿದ್ದುಹೋದ ಬೆಲೆ, ಕೈಸಾಲದ ಬಡ್ಡಿ ಎಲ್ಲರಿಗೂ ಗೊತ್ತಿದ್ದವು. ಅವಕ್ಕೆ ಹೋರಾಟವೇ ದಾರಿ. ಗೊತ್ತಾಗದೆ ಉಳಿದದ್ದು ಸಾಲ ಕೊಟ್ಟವನು ಬಾಗಿಲಲ್ಲಿ ಕೂಗಾಡಿ ಹೋದ ಮೇಲೆ, ಹೆಂಡತಿಯ ಮುಖ ನೋಡಲೂ ಆಗದೆ ಗದ್ದೆ ಬದುವಿನ ಮೇಲೆ ಕೂತವನ ಮನಸ್ಸು. ಮಂದಿ ತನ್ನ ಬಗ್ಗೆ ಏನಂದುಕೊಂಡರೋ ಎಂಬ ಅವಮಾನ ನಾಗಪ್ಪನನ್ನು ಸುಡುವುದೂ ಹಾಗೆಯೇ. ಒಂಟಿತನವನ್ನು ಪಟ್ಟಣದ ಓದಿದವರ ಕಾಯಿಲೆ ಎಂದರೆ ರೈತನಿಗೆ ಒಳಮನಸ್ಸೇ ಇಲ್ಲ ಎಂದಂತೆ. ಅವನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರಿಲ್ಲ.

ಮೂರನೆಯದು ಕುಗ್ಗಿಸುವ ಮಾತು. ನಾಗಪ್ಪ ಹೆದರುತ್ತಾನೆ, ಕಂಡವರನ್ನೆಲ್ಲ ಅನುಮಾನಿಸುತ್ತಾನೆ, ನಿಜ. ಆದರೂ ಬೇರೆಯವರು ಕಟ್ಟಿದ ಕಥೆಯನ್ನು ತನ್ನ ಕಥೆಯೆಂದು ಒಪ್ಪಿಕೊಳ್ಳದೆ, ಬಾಲ್ಯದವರೆಗೂ ಹಿಂದೆ ಹೋಗಿ ತಾನು ಯಾರೆಂದು ಕೆದಕುತ್ತಾನೆ. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ಪ್ರಾಣೇಶಾಚಾರ್ಯರು ಓಡಿಹೋಗಬಹುದಿತ್ತು, ಕೊನೆಗೆ ಗಾಡಿ ಹತ್ತಿ ಅಗ್ರಹಾರದ ಕಡೆಗೇ ಹೊರಡುತ್ತಾರೆ. ಇಬ್ಬರಿಗೂ ಸಿದ್ಧ ಉತ್ತರ ಸಿಗುವುದಿಲ್ಲ, ಇಬ್ಬರೂ ಹುಡುಕಾಟ ಬಿಡುವುದಿಲ್ಲ. ನೊಂದವನಿಗೆ “ಎಲ್ಲ ಸರಿಹೋಗುತ್ತೆ ಬಿಡಪ್ಪ” ಎಂದು ಎದ್ದುಹೋಗುವವರಿಗಿಂತ, ಅವನ ಭಯವನ್ನು ಬಿಡಿಸಿ ಹೇಳುವ ಪುಸ್ತಕ ಹೆಚ್ಚು ಆಸರೆಯಾಗುತ್ತದೆ.

ಬೆಳಗಿನ ರೈಲಿಗೆ ಮದ್ದೂರಿನಲ್ಲಿ ಹತ್ತಿ ಬೆಂಗಳೂರಿನ ಕಂಪನಿಗಳಿಗೆ ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ಕೆಲಸ ಯಾವತ್ತು ಹೋಗುತ್ತದೋ ಗೊತ್ತಿಲ್ಲ. ನಾಗಪ್ಪ ಅವರಿಗೆ ಪರಕೀಯನಲ್ಲ. ಓದಿದ ಮೇಲೆ ಅವರೂ ಆಕ್ಷೇಪಿಸಲಿ, ಜಗಳವಾಡಲಿ. ಓದುವ ಮೊದಲೇ “ಇದು ನಮ್ಮದಲ್ಲ” ಎಂದು ಅವರ ಕೈಯಿಂದ ಪುಸ್ತಕ ಕಿತ್ತುಕೊಳ್ಳುವ ಹಕ್ಕು ಮಾತ್ರ ಯಾರಿಗೂ ಇಲ್ಲ.